ಪಾತ್ರಾಂತರ: ಮುಕ್ತಜಗತ್ತಿನ ಒಂದು ಆಟದ ಕಥನಕ್ರಮವನ್ನು ಕುರಿತು

ಪರಕಾಯಪ್ರವೇಶದ ಕಥೆಗಳನ್ನು ಕೇಳುವವರ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಹೊಕ್ಕ ದೇಹದ ಸಮಾಚಾರ. ಕಥೆಯ ಆತಂಕವೆಲ್ಲ ಇರುವುದಾದರೋ ಬಿಟ್ಟುಬಂದ ದೇಹದಲ್ಲಿ. ಶಂಕರಾಚಾರ್ಯರು ಅಮರುಕನೆಂಬ ರಾಜನ ಶರೀರವನ್ನು ಪ್ರವೇಶಿಸಿದರೆಂಬ ಐತಿಹ್ಯದಲ್ಲಿ ಅವರ ಸ್ವಂತ ದೇಹವು ಗುಹೆಯೊಂದರಲ್ಲಿ ನಿಶ್ಚೇಷ್ಟಿತವಾಗಿ ಬಿದ್ದಿರುತ್ತದೆ, ಶಿಷ್ಯರು ಅದನ್ನು ಕಾಯುತ್ತಿರುತ್ತಾರೆ. ಅದಕ್ಕೆ ಕೇಡೊದಗಿದರೆ ಹಿಂದಿರುಗಲು ಎಡೆಯೇ ಇಲ್ಲ. ಜೀವ ಒಂದು, ಮೈ ಎರಡು ಎಂದಮೇಲೆ ಯಾವುದಾದರೂ ಒಂದು ಮೈ ಜಡವಾಗಿರಲೇಬೇಕೆಂಬುದು ಈ ಬಗೆಯ ಕಥೆಗಳೆಲ್ಲವೂ ಒಪ್ಪಿಕೊಂಡಿರುವ ನಿಯಮ. ಈ ನಿಯಮವನ್ನು ಮುರಿದರೆ, ಎಂದರೆ ಬಿಟ್ಟ ಮೈಯೂ ತನ್ನ ಪಾಡಿಗೆ ತಾನು ಎದ್ದು ನಡೆದರೆ, ಕಥನಕ್ಕೆ ಏನಾಗುತ್ತದೆಂಬುದನ್ನು ಪರೀಕ್ಷಿಸುವುದಕ್ಕೆ ನಮ್ಮ ಕಾಲದ ಒಂದು ಕೃತಿ ಅವಕಾಶ ಮಾಡಿಕೊಟ್ಟಿದೆ. ಅದು ಕಾವ್ಯವಲ್ಲ, ಕಾದಂಬರಿಯೂ ಅಲ್ಲ. ೨೦೧೩ನೆಯ ಸೆಪ್ಟೆಂಬರ್ ೧೭ರಂದು ಪ್ರಕಟವಾದ 'ಗ್ರ್ಯಾಂಡ್ ಥೆಫ್ಟ್ ಆಟೋ ೫' ಎಂಬ ವಿಡಿಯೋ ಆಟ.

ಸಾಹಿತ್ಯವಿಮರ್ಶೆಗೆ ಮೀಸಲಾದ ಪುಟಗಳಲ್ಲಿ ಇಂಥ ವಸ್ತುವಿಗೆ ಸ್ಥಳವುಂಟೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಈ ಆಟದ ಪ್ರತಿಗಳು ೨೦ ಕೋಟಿಗೂ ಮಿಕ್ಕು ಮಾರಾಟವಾಗಿವೆಯೆಂಬುದನ್ನು ಅದಕ್ಕೆ ಉತ್ತರವಾಗಿ ಹೇಳುವುದು ತರವಲ್ಲ; ಜನಪ್ರಿಯತೆ ಗುಣಕ್ಕೆ ಪ್ರಮಾಣವಾಗಲಾರದು. ಉತ್ತರ ಬೇರೆಯಿದೆ. ಒಂದೇ ಕಥೆಯನ್ನು ಹಲವರ ಕಣ್ಣಿನಿಂದ ಕಾಣಿಸುವ ವಿಧಾನವನ್ನು ನಾವು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದೇವೆ. ಅಕುತಗವನು ೧೯೨೨ರಲ್ಲಿ ಬರೆದ 'ಪೊದೆಯಲ್ಲಿ' ಎಂಬ ಸಣ್ಣಕಥೆ, ಫಾಕ್ನರನ ೧೯೩೦ರ ಕಾದಂಬರಿ, ನಮ್ಮಲ್ಲಿ ಭೈರಪ್ಪನವರ 'ಪರ್ವ', ಇವುಗಳನ್ನು ಪಾಠ ಹೇಳುವಾಗ ದೃಷ್ಟಿಕೋನ, ನಿರೂಪಕ ಮುಂತಾದ ಮಾತುಗಳನ್ನು ಉಪಯೋಗಿಸದ ಅಧ್ಯಾಪಕರಿಲ್ಲ. ಅಲ್ಲೆಲ್ಲ ಕಣ್ಣು ಬದಲಾಗುತ್ತದೆ. ಇಲ್ಲಿ ಕಣ್ಣಿನೊಡನೆ ಕೈಯೂ ಬದಲಾಗುತ್ತದೆ. ಈ ವ್ಯತ್ಯಾಸವು ಕೇವಲ ಸಾಧನದ್ದೋ, ಅಥವಾ ಅರ್ಥದ್ದೋ ಎಂಬುದೇ ಇಲ್ಲಿನ ವಿಚಾರ.

ಆಟವನ್ನು ನೋಡದವರಿಗಾಗಿ ಅದರ ಏರ್ಪಾಟನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ಲಾಸ್ ಏಂಜಲೀಸನ್ನು ಹೋಲುವಂತೆ ಕಲ್ಪಿಸಿದ ಲಾಸ್ ಸ್ಯಾಂಟೋಸ್ ಎಂಬ ನಗರ, ಅದರ ಉತ್ತರಕ್ಕೆ ಬ್ಲೇನ್ ಕೌಂಟಿಯೆಂಬ ಮರುಭೂಮಿ ಬೆಟ್ಟಗಳ ನಾಡು. ಈ ಭೂಭಾಗದಲ್ಲಿ ಆಟಗಾರನು ತನಗೆ ಬೇಕಾದ ಕಡೆಗೆ ಬೇಕಾದ ಹೊತ್ತಿನಲ್ಲಿ ಹೋಗಬಹುದು. ಇದರಿಂದಲೇ ಇಂಥವಕ್ಕೆ ಮುಕ್ತಜಗತ್ತಿನ ಆಟಗಳೆಂಬ ಹೆಸರು. ಕಥೆಯು 'ಮಿಷನ್' ಎಂದು ಕರೆಯಲ್ಪಡುವ ಪ್ರಕರಣಗಳಾಗಿ ಹರಡಿಕೊಂಡಿದೆ. ನಾಯಕರು ಮೂವರು. ಮೈಕೇಲನು ಬ್ಯಾಂಕು ದರೋಡೆಗಾರ. ಸರ್ಕಾರದ ಗುಪ್ತಚಾರನೊಬ್ಬನೊಡನೆ ಸಂಧಾನ ಮಾಡಿಕೊಂಡು, ಸತ್ತಂತೆ ನಟಿಸಿ, ಹೆಂಡತಿ ಮಕ್ಕಳೊಡನೆ ಶ್ರೀಮಂತರ ಬಡಾವಣೆಯಲ್ಲಿ ಬೇಸರದ ಬಾಳು ಬಾಳುತ್ತಿರುವವನು. ಟ್ರೆವರನು ಅವನ ಹಳೆಯ ಜೊತೆಗಾರ. ಮಿತ್ರನು ಸತ್ತನೆಂದೇ ನಂಬಿ ಮರುಭೂಮಿಯ ಮುರುಕು ಮನೆಯೊಂದರಲ್ಲಿ ಮಾದಕದ್ರವ್ಯ ತಯಾರಿಸಿಕೊಂಡಿರುವ ಉಗ್ರಸ್ವಭಾವದವನು. ಫ್ರ್ಯಾಂಕ್ಲಿನನು ಬಡವರ ಕೇರಿಯ ತರುಣ. ಸಾಲದ ಕಂತು ಕಟ್ಟದವರ ಕಾರುಗಳನ್ನು ಎಳೆದುತರುವ ಚಾಕರಿಯವನು. (ಮೂವರಲ್ಲಿ ಒಬ್ಬಳೂ ಹೆಂಗಸಿಲ್ಲವೆಂಬುದನ್ನು ಪ್ರಕಟವಾದ ವರ್ಷವೇ ಹಲವರು ಎತ್ತಿ ಆಡಿದರು, ಆಡಿದ್ದು ಸರಿ.) ಇದಕ್ಕೆ ಹಿಂದಿನ ೨೦೦೮ರ ಆಟದಲ್ಲಿ ನಾಯಕನು ನೀಕೋ ಒಬ್ಬನೇ. ಬೇರೆ ಇಬ್ಬರ ಕಥೆಗಳು ಆಮೇಲೆ ಉಪಕಥೆಗಳಾಗಿ ಬೇರೆಬೇರೆಯಾಗಿಯೇ ಹೊರಬಂದುವು. ಒಬ್ಬನಿಂದ ಇನ್ನೊಬ್ಬನೊಳಕ್ಕೆ ಹೋಗುವ ದಾರಿ ಇರಲಿಲ್ಲ.

ಆ ದಾರಿಯನ್ನು ತೆರೆದದ್ದೇ ೨೦೧೩ರ ಆಟದ ಹೊಸತನ. ಒಂದು ಗುಂಡಿಯನ್ನು ಒತ್ತಿ ಹಿಡಿದರೆ ತೆರೆಯ ಮೂಲೆಯಲ್ಲಿ ಮೂವರ ಮುಖಗಳುಳ್ಳ ಚಕ್ರವೊಂದು ತೋರುತ್ತದೆ, ಕಾಲ ನಿಧಾನವಾಗುತ್ತದೆ. ಬೇಕಾದ ಮುಖವನ್ನು ಆರಿಸಿದೊಡನೆ ದೃಷ್ಟಿಯು ಆ ಪಾತ್ರದ ತಲೆಯ ಮೇಲಿಂದ ನೆಗೆದು, ಹಂತಹಂತವಾಗಿ ಮೇಲೇರಿ, ನಗರವು ನಕ್ಷೆಯಂತೆ ಕಾಣುವಷ್ಟು ಎತ್ತರಕ್ಕೆ ಹೋಗಿ, ಅಲ್ಲಿಂದ ಪಕ್ಕಕ್ಕೆ ಸರಿದು, ಮತ್ತೆ ಹಂತಹಂತವಾಗಿ ಇನ್ನೊಬ್ಬನ ಮೇಲೆ ಇಳಿಯುತ್ತದೆ. ದೂರದ ಪ್ರದೇಶವನ್ನು ಸಜ್ಜುಗೊಳಿಸಿಕೊಳ್ಳಲು ಯಂತ್ರಕ್ಕೆ ಬೇಕಾದ ವಿರಾಮವೂ ಇದರಿಂದ ದೊರೆಯುತ್ತದೆ. ಆದರೆ ಅಗತ್ಯದಿಂದ ಹುಟ್ಟಿದ ಉಪಾಯಗಳು ಕಲೆಯಲ್ಲಿ ಅರ್ಥವನ್ನು ಪಡೆಯುವುದು ಅಪೂರ್ವವೇನಲ್ಲ. ಆ ಕೆಲವು ಕ್ಷಣಗಳಲ್ಲಿ ಆಟಗಾರನು ಯಾರೂ ಅಲ್ಲ. ಕೆಳಗಿನ ರಾಗದ್ವೇಷಗಳಾವುವೂ ಅಷ್ಟೆತ್ತರದಿಂದ ಕಾಣುವುದಿಲ್ಲ. ಕಾಣುವುದು ಬೀದಿಗಳು ಮಾತ್ರ. ಕಾದಂಬರಿಯಲ್ಲಿ ಒಂದು ಅಧ್ಯಾಯ ಮುಗಿದು ಇನ್ನೊಂದು ಮೊದಲಾಗುವ ನಡುವಿನ ಬಿಳಿಯ ಜಾಗವಿದೆಯಲ್ಲ, ಅದನ್ನು ಇಲ್ಲಿ ಚಿತ್ರವಾಗಿ ಬರೆದಿಟ್ಟಿದ್ದಾರೆ.

ಇಳಿದಮೇಲೆ ಕಾಣುವುದು ಇನ್ನೂ ವಿಚಾರಾರ್ಹ. ಬಿಟ್ಟು ಬಂದಿದ್ದ ಪಾತ್ರವು ಬಿಟ್ಟ ಜಾಗದಲ್ಲಿ ನಿಂತಿರುವುದಿಲ್ಲ. ಮೈಕೇಲನು ತನ್ನ ಮನೆಯ ಈಜುಕೊಳದ ಬದಿಯಲ್ಲಿ ಒರಗಿಕೊಂಡಿರಬಹುದು. ಫ್ರ್ಯಾಂಕ್ಲಿನನು ನಾಯಿಯನ್ನು ತಿರುಗಾಡಿಸುತ್ತಿರಬಹುದು. ಟ್ರೆವರನಂತೂ ಹೆಂಗಸರ ಉಡುಪು ತೊಟ್ಟು ಬೆಟ್ಟದ ತುದಿಯಲ್ಲಿ ಅಮಲಿನಿಂದ ಕಣ್ಣು ತೆರೆಯುತ್ತಿರಬಹುದು, ಇಲ್ಲವೆ ಪೋಲೀಸರು ಬೆನ್ನಟ್ಟುತ್ತಿರುವಾಗಲೇ ನಮ್ಮ ಕೈಗೆ ಸಿಕ್ಕಬಹುದು. ಅವರು ಅವನನ್ನು ಏಕೆ ಅಟ್ಟಿಬರುತ್ತಿದ್ದಾರೆಂಬುದು ನಮಗೆ ತಿಳಿಯದು, ತಿಳಿಸುವವರೂ ಇಲ್ಲ. ನಾವು ಮಾಡದ ಅಪರಾಧಕ್ಕಾಗಿ ನಾವು ಓಡಬೇಕು. ಈ ಹಾಸ್ಯಪ್ರಸಂಗಗಳನ್ನು ಅಲಂಕಾರವೆಂದು ತಳ್ಳಿಹಾಕಿದ ವಿಮರ್ಶಕರುಂಟು. ಈ ಲೇಖಕನಿಗೆ ತೋರುವಂತೆ ಇಡೀ ಕೃತಿಯಲ್ಲಿ ಪಾತ್ರನಿರ್ಮಾಣದ ಅತ್ಯಂತ ಸೂಕ್ಷ್ಮವಾದ ಕೆಲಸ ನಡೆದಿರುವುದು ಇಲ್ಲಿಯೇ. ಆಟಗಾರನ ಇಚ್ಛೆಗೆ ಅಧೀನನಾದ ಬೊಂಬೆಯಾಗಿರುವಾಗ ಯಾವ ಪಾತ್ರಕ್ಕೂ ಸ್ವಭಾವವೆಂಬುದು ಇರಲಾರದು. ಆಟಗಾರನು ಬೆನ್ನು ತಿರುಗಿಸಿದ್ದಾಗ ಅದು ಏನು ಮಾಡಿತೆಂಬುದರಿಂದಲೇ ಅದರ ಸ್ವಭಾವ ತಿಳಿಯಬೇಕು. ಟ್ರೆವರನು ಎಂಥವನೆಂದು ಸಂಭಾಷಣೆಗಳು ಬಹಳ ಹೇಳುತ್ತವೆ, ಕೆಲವೊಮ್ಮೆ ಬೇಸರವಾಗುವಷ್ಟು ಹೇಳುತ್ತವೆ. ಆ ಮಾತುಗಳೆಲ್ಲಕ್ಕಿಂತ ಬೆಟ್ಟದ ಮೇಲಿನ ಒಂದು ನಸುಕು ಹೆಚ್ಚು ಹೇಳುತ್ತದೆ.

ಇದರ ಬೆಲೆಯನ್ನು ಅರಿಯಲು ಪ್ರತಿಯುದಾಹರಣೆಯೊಂದನ್ನು ಪಕ್ಕದಲ್ಲಿಟ್ಟು ನೋಡಬಹುದು. ೨೦೧೧ರ 'ಡ್ರೈವರ್: ಸ್ಯಾನ್ ಫ್ರಾನ್ಸಿಸ್ಕೊ' ಎಂಬ ಆಟದಲ್ಲಿ ಟ್ಯಾನರ್ ಎಂಬ ಪತ್ತೇದಾರನು ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ, ಅವನ ಚೇತನವು ನಗರದ ಮೇಲೆ ತೇಲಿ, ಕಂಡ ಕಂಡ ಕಾರಿನ ಚಾಲಕನ ಮೈಯನ್ನು ಹೊಕ್ಕು ಹೊರಡುತ್ತದೆ. ಮೇಲೇರುವ ಇಳಿಯುವ ದೃಷ್ಟಿ ಅಲ್ಲಿಯೂ ಉಂಟು. ಆದರೆ ಅದು ನಮ್ಮ ಹಳೆಯ ಐತಿಹ್ಯದ ರೀತಿಯೇ: ಬಿಟ್ಟ ದೇಹ ಹಾಸಿಗೆಯ ಮೇಲೆ ಜಡವಾಗಿ ಬಿದ್ದಿದೆ, ಹೊಕ್ಕ ದೇಹಗಳಿಗೆ ಸ್ವಂತ ಚಿತ್ತವಿಲ್ಲ. ಪಕ್ಕದಲ್ಲಿ ಕುಳಿತವರು ತಮ್ಮವನ ನಡತೆ ಏಕೆ ಹೀಗಾಯಿತೆಂದು ಬೆರಗಾಗುವುದರಲ್ಲಿ ಒಳ್ಳೆಯ ವಿನೋದವಿದೆ, ಅದಕ್ಕಿಂತ ಹೆಚ್ಚಿನದಿಲ್ಲ. ಏಕೆಂದರೆ ಅಲ್ಲಿ ಜೀವ ಒಂದೇ. ಲಾಸ್ ಸ್ಯಾಂಟೋಸಿನಲ್ಲಿ ಜೀವಗಳು ಮೂರು. ಆಟಗಾರನದು ನಾಲ್ಕನೆಯದು, ಮತ್ತು ಅದು ಅತಿಥಿ.

ಅತಿಥಿಗೆ ಹೊಣೆಯುಂಟೇ? ಕೃತಿಯ ಕೂಡ ವ್ಯಾಜ್ಯ ಆರಂಭವಾಗುವುದು ಈ ಪ್ರಶ್ನೆಯಿಂದ. ೨೦೦೮ರ ಆಟದ ನೀಕೋ ಯುದ್ಧದಿಂದ ಬೆಂದುಬಂದವನು, ತಾನು ಮಾಡಿದ ಕೊಲೆಗಳಿಗಾಗಿ ಪರಿತಪಿಸುವವನು. ಆದರೆ ಪ್ರಕರಣಗಳ ನಡುವೆ ಆಟಗಾರನು ಅವನ ಕೈಯಿಂದ ದಾರಿಹೋಕರನ್ನು ಯಥೇಚ್ಛವಾಗಿ ಕೊಲ್ಲಿಸಬಹುದಾಗಿತ್ತು. ಪಶ್ಚಾತ್ತಾಪವೂ ಸಂಹಾರವೂ ಒಂದೇ ಮೈಯಲ್ಲಿ ಕೂಡಲಿಲ್ಲ. ಕಥೆ ಹೇಳುವುದಕ್ಕೂ ಆಟ ಮಾಡಿಸುವುದಕ್ಕೂ ಬೀಳುವ ಈ ಬಗೆಯ ಬಿರುಕನ್ನು ೨೦೦೭ರಲ್ಲಿ, ಬೇರೊಂದು ಆಟವನ್ನು ಕುರಿತು, ಕ್ಲಿಂಟ್ ಹಾಕಿಂಗ್ ಎಂಬ ಆಟರಚಕರು ಗುರುತಿಸಿ ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ಮೂವರು ನಾಯಕರೆಂಬ ಏರ್ಪಾಟು ಈ ಬಿರುಕಿಗೆ ಮದ್ದೆಂಬುದು ಹಲವರ ಮತ. ಸಂಹಾರಕ್ಕೆ ಟ್ರೆವರನಿದ್ದಾನೆ, ಪರಿತಾಪಕ್ಕೆ ಮೈಕೇಲನಿದ್ದಾನೆ, ಮಹತ್ತ್ವಾಕಾಂಕ್ಷೆಗೆ ಫ್ರ್ಯಾಂಕ್ಲಿನನಿದ್ದಾನೆ. ಆಟಗಾರನು ತನ್ನ ಆ ಹೊತ್ತಿನ ಬಯಕೆಗೆ ತಕ್ಕವನನ್ನು ಆರಿಸಿಕೊಂಡರೆ ಔಚಿತ್ಯಭಂಗವಿಲ್ಲವೆಂದು ಅವರ ವಾದ.

ಈ ವಾದ ಜಾಣತನದ್ದು, ಆದರೆ ಒಪ್ಪತಕ್ಕದ್ದಲ್ಲ. ಹೊರೆಯನ್ನು ಮೂವರ ಮೇಲೆ ಹಂಚಿದಮಾತ್ರಕ್ಕೆ ಹೊರೆ ಕಡಮೆಯಾಗುವುದಿಲ್ಲ. ಹೊತ್ತವನಿಗೆ ಅದು ಹಗುರವೆನಿಸುತ್ತದೆ, ಅಷ್ಟೆ. ನಮ್ಮ ಆಲಂಕಾರಿಕರಲ್ಲಿ ಅಭಿನವಗುಪ್ತನು ರಸವಿಘ್ನಗಳನ್ನು ಎಣಿಸುವಾಗ, ಭಾವವನ್ನು ತನ್ನದೆಂದು ಹಿಡಿಯುವುದನ್ನೂ ಪರರದೆಂದು ಹಿಡಿಯುವುದನ್ನೂ ವಿಘ್ನವೆಂದೇ ಹೇಳುತ್ತಾನೆ. ಪ್ರೇಕ್ಷಕನಿಗೆ ಈ ನಿಯಮ ಸುಲಭ, ಅವನ ಕೈ ಖಾಲಿ. ಆಟಗಾರನ ಕೈಯಲ್ಲಿ ಕೀಲಿಯಿದೆ. ಅವನು ಮಾಡಿದ್ದು ತನ್ನದೆಂಬುದನ್ನು ಪೂರ್ತಿ ಮರೆಯಲಾರ. ಪಾತ್ರಾಂತರವು ಅವನಿಗೆ ಒಂದು ಗುಂಡಿಯಷ್ಟು ಹತ್ತಿರದಲ್ಲಿ 'ಇದು ಪರರದು' ಎಂಬ ನೆವವನ್ನು ತಂದಿಡುತ್ತದೆ. ಆಟದ ಅತ್ಯುತ್ತಮ ಪ್ರಕರಣವೂ ಅತ್ಯಂತ ಸಂದೇಹಾಸ್ಪದವಾದ ಪ್ರಕರಣವೂ ಈ ನೆವದ ಸುತ್ತಲೇ ಕಟ್ಟಿಕೊಂಡಿವೆ, ಮತ್ತು ಅವೆರಡರಲ್ಲಿಯೂ ಸಿಕ್ಕಿಬೀಳುವ ಮನುಷ್ಯ ಒಬ್ಬನೇ.

ಕೆರಿಮೊವ್ ಎಂಬ ಆ ಬಂದಿಯು ಪ್ರತಿಸ್ಪರ್ಧಿಯಾದ ಇನ್ನೊಂದು ಗುಪ್ತಚಾರ ಇಲಾಖೆಯ ಬಹುಮಹಡಿ ಕಟ್ಟಡದಲ್ಲಿರುತ್ತಾನೆ. ಅವನನ್ನು ಹಾರಿಸಿಕೊಂಡು ಬರುವ ಪ್ರಕರಣದಲ್ಲಿ ಟ್ರೆವರನು ಹೆಲಿಕಾಪ್ಟರನ್ನು ನಡೆಸುತ್ತಾನೆ, ಮೈಕೇಲನು ಹಗ್ಗ ಹಿಡಿದು ಗೋಡೆಯ ಗುಂಟ ಇಳಿದು ಗಾಜನ್ನು ಒಡೆಯುತ್ತಾನೆ, ಫ್ರ್ಯಾಂಕ್ಲಿನನು ದೂರದ ಮಾಡಿನ ಮೇಲಿಂದ ಬಂದೂಕಿನ ದುರ್ಬೀನಿನಲ್ಲಿ ಅವನನ್ನು ಕಾಯುತ್ತಾನೆ. ಆಟಗಾರನು ಮೂವರಲ್ಲಿಯೂ ಸರದಿಯಾಗಿ ಇರುತ್ತಾನೆ. ಹಗ್ಗದ ತುದಿಯಲ್ಲಿ ತೂಗಾಡುವವನು ಆಗಿ ಅನುಭವಿಸಿದ ಅಪಾಯವನ್ನು ಮರುಕ್ಷಣವೇ ದೂರದ ಗಾಜಿನಲ್ಲಿ ಒಂದು ಚಿಕ್ಕ ಆಕೃತಿಯಾಗಿ ಕಾಣುತ್ತಾನೆ. ತನ್ನನ್ನು ತಾನೇ ಕಾಯಬೇಕು, ತನ್ನನ್ನು ತಾನೇ ಹೊತ್ತು ಹಾರಬೇಕು. ಒಂದೇ ಘಟನೆಯ ಮೂರು ಮುಖಗಳನ್ನು ಕಾದಂಬರಿಕಾರನು ಒಂದಾದಮೇಲೊಂದಾಗಿ ಹೇಳಬೇಕಾದಲ್ಲಿ ಇಲ್ಲಿ ಅವು ಒಂದರೊಳಗೊಂದು ಹೆಣೆದು ನಡೆಯುತ್ತವೆ. ಪರಸ್ಪರ ನಂಬಿಕೆಯೆಂಬ ಭಾವವನ್ನು, ಮಾತಿನ ಸಹಾಯವಿಲ್ಲದೆ, ಕ್ರಿಯೆಯಿಂದಲೇ ಇಷ್ಟು ಚೆನ್ನಾಗಿ ವ್ಯಂಜಿಸಿದ ಸನ್ನಿವೇಶ ಈ ಬಗೆಯ ಆಟಗಳಲ್ಲಿ ಬೇರೊಂದಿಲ್ಲ. ಮೂವರ ನಡುವೆ ಬೇರೆಲ್ಲಿಯೂ ನಂಬಿಕೆ ಇಲ್ಲವೆಂಬುದನ್ನು ನೆನೆದರೆ ಇದರ ಸೊಗಸು ಇಮ್ಮಡಿಯಾಗುತ್ತದೆ.

ಹೀಗೆ ಬಿಡಿಸಿ ತಂದವನನ್ನು ಕುರ್ಚಿಗೆ ಕಟ್ಟಿ ಚಿತ್ರಹಿಂಸೆ ಕೊಡುವುದು ಮುಂದಿನದು. ಹೇನ್ಸ್ ಎಂಬ ಅಧಿಕಾರಿಯ ಆಜ್ಞೆಯಂತೆ ಟ್ರೆವರನು ಹಿಂಸಿಸುತ್ತಾನೆ. ಉಪಕರಣಗಳನ್ನು ಆರಿಸುವವನೂ, ಅವುಗಳನ್ನು ಪ್ರಯೋಗಿಸಲು ಕೈಯಾಡಿಸುವವನೂ ಆಟಗಾರನೇ. ಬಂದಿಯು ಕೇಳಿದ್ದನ್ನೆಲ್ಲ ಹೇಳುವೆನೆಂದು ಮೊದಲೇ ಅಂಗಲಾಚುತ್ತಾನೆ; ಅಧಿಕಾರಿ ಕಿವಿಗೊಡುವುದಿಲ್ಲ. ಅವನ ಬಾಯಿಂದ ಬಂದ ಒಂದೊಂದು ಗುರುತು ದೂರವಾಣಿಯ ಮೂಲಕ ಬೇರೊಂದು ಕಡೆ ಬಂದೂಕು ಹಿಡಿದು ಕುಳಿತ ಮೈಕೇಲನಿಗೆ ಮುಟ್ಟುತ್ತದೆ, ಆಟಗಾರನೂ ಅವನೊಳಕ್ಕೆ ಸಾಗುತ್ತಾನೆ. ಕಡಲತಡಿಯ ಮನೆಯೊಂದರ ಸಂತೋಷಕೂಟದಲ್ಲಿ ಗಡ್ಡವುಳ್ಳವನು ಯಾರು, ಎಡಗೈಯಲ್ಲಿ ಸಿಗರೇಟು ಹಿಡಿದವನು ಯಾರು ಎಂದು ಹುಡುಕಿ ಗುಂಡು ಹಾರಿಸಬೇಕು. ಗುರುತು ಸಾಲದಾದಾಗ ಮತ್ತೆ ಕುರ್ಚಿಯ ಬಳಿಗೆ.

೨೦೧೩ರಲ್ಲಿ ಬ್ರಿಟನ್ನಿನ 'ಫ್ರೀಡಂ ಫ್ರಮ್ ಟಾರ್ಚರ್' ಸಂಸ್ಥೆ ಮೊದಲಾದವರು ಇದನ್ನು ಬಲವಾಗಿ ಖಂಡಿಸಿದರು. ಪ್ರಕರಣವನ್ನು ಸಮರ್ಥಿಸುವವರು ಅದರ ಕೊನೆಯನ್ನು ತೋರಿಸುತ್ತಾರೆ: ಬಂದಿಯನ್ನು ಕೊಲ್ಲೆಂದು ಹೇಳಿದ್ದರೂ ಟ್ರೆವರನು ಅವನನ್ನು ವಿಮಾನನಿಲ್ದಾಣಕ್ಕೆ ಕರೆದೊಯ್ದು ಬಿಟ್ಟುಬಿಡುತ್ತಾನೆ, ದಾರಿಯಲ್ಲಿ ಚಿತ್ರಹಿಂಸೆಯಿಂದ ಸತ್ಯ ಹೊರಡದೆಂದೂ ಅದು ಹಿಂಸಿಸುವವರ ತೃಪ್ತಿಗಾಗಿಯೇ ಇರುವುದೆಂದೂ ಉಪನ್ಯಾಸ ಮಾಡುತ್ತಾನೆ. ಆದಕಾರಣ ಇದು ವಿಡಂಬನೆ, ನಿಂದೆಯಲ್ಲಿ ಹುರುಳಿಲ್ಲ ಎಂದು ಅವರ ತೀರ್ಮಾನ. ಎರಡು ಪಕ್ಷದವರೂ ದೃಶ್ಯವನ್ನು ನೋಡಿದ್ದಾರೆಯೇ ಹೊರತು ಪಾತ್ರಾಂತರವನ್ನು ನೋಡಿಲ್ಲ. ಪ್ರಕರಣದ ರಚನೆ ಏನು ಹೇಳುತ್ತದೆ? ಇಲ್ಲಿ ಹಿಂಸಿಸಿದರೆ ಅಲ್ಲಿ ಗುರುತು ಸಿಕ್ಕುತ್ತದೆ. ಇನ್ನೂ ಹಿಂಸಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಕೊನೆಗೆ ಗುಂಡು ಗುರಿ ಮುಟ್ಟುತ್ತದೆ, ಪ್ರಕರಣ ಮುಗಿಯುತ್ತದೆ. ಟ್ರೆವರನ ನಾಲಗೆಯು ಹಿಂಸೆ ನಿಷ್ಫಲವೆನ್ನುತ್ತಿರುವಾಗ ಕೀಲಿ ಹಿಡಿದ ಕೈಗೆ ಅದು ಸಫಲವೆಂದು ಆಗಲೇ ಅಭ್ಯಾಸವಾಗಿದೆ. ಉಪದೇಶಕ್ಕೂ ರಚನೆಗೂ ವಿರೋಧ ಬಂದಲ್ಲಿ ಆಟಗಾರನ ಮನಸ್ಸಿನಲ್ಲಿ ಉಳಿಯುವುದು ರಚನೆ. ಉಪದೇಶವು ಕಾರಿನ ಗದ್ದಲದಲ್ಲಿ ಹೋಗುತ್ತದೆ. ಇನ್ನೂ ಒಂದು ದೋಷವುಂಟು. ಮೈಕೇಲನ ಪಾಲಿಗೆ ಬರುವ ಭಾಗ ಶುಚಿಯಾದದ್ದು: ಕಡಲು, ಬಿಸಿಲು, ದೂರ. ಹಿಂಸೆಯ ಕೋಣೆಯಿಂದ ಅಲ್ಲಿಗೆ ಹೋದೊಡನೆ ಆಟಗಾರನು ನಿಟ್ಟುಸಿರು ಬಿಡುತ್ತಾನೆ. ಆ ನಿಟ್ಟುಸಿರು ತಪ್ಪೆಂದು ಅವನಿಗೆ ತೋರಿಸಿಕೊಟ್ಟಿದ್ದರೆ ಇದು ದೊಡ್ಡ ಕೃತಿಯಾಗುತ್ತಿತ್ತು. ಬಂದೂಕಿನ ಗಾಜಿನಲ್ಲಿ ಕಾಣುವ ಮನುಷ್ಯನಿಗೂ ಕುರ್ಚಿಯಲ್ಲಿ ನರಳುವವನಿಗೂ ಸಂಬಂಧವನ್ನು ಮೈಕೇಲನು ತಾನೇ ಅರಿತು ಆಡುವ ಒಂದು ಮಾತು, ಅಥವಾ ಆ ಕ್ಷಣದಲ್ಲಿ ಚಕ್ರವು ಮೊಂಡುಹಿಡಿದು ತಿರುಗದಿರುವುದು, ಇಷ್ಟೇ ಸಾಕಾಗುತ್ತಿತ್ತು.

ಚಕ್ರವನ್ನು ತಡೆಹಿಡಿಯುವುದರ ಬಲವನ್ನು ಕೃತಿಕಾರರು ಅರಿಯದವರಲ್ಲ. ಆಟದ ಮೊದಲ ದರೋಡೆಯಲ್ಲಿ ಕಾವಲುಗಾರನೊಬ್ಬನು ಮೈಕೇಲನನ್ನು ಹಿಡಿದು ಅವನ ತಲೆಗೆ ಪಿಸ್ತೂಲನ್ನು ಒಡ್ಡಿದಾಗ ಆಟಗಾರನು ಟ್ರೆವರನಾಗಿ ಗುಂಡು ಹಾರಿಸಬೇಕು; ಪಾತ್ರಾಂತರದ ಪ್ರಥಮಪಾಠವೇ ಮಿತ್ರನ ಪ್ರಾಣವನ್ನು ಉಳಿಸುವುದು. ಆ ಬಳಿಕ ಟ್ರೆವರನು ಬಹಳ ಹೊತ್ತು ನಮಗೆ ದೊರೆಯುವುದಿಲ್ಲ. ಮೈಕೇಲನ ಸಾವು ನಟನೆಯೆಂಬುದು ಆಟಗಾರನಿಗೆ ಆರಂಭದಲ್ಲಿಯೇ ತಿಳಿದುಹೋಗುತ್ತದೆ, ಟ್ರೆವರನಿಗೆ ತಿಳಿಯದು. ಅವನು ಮತ್ತೆ ಪ್ರವೇಶಿಸುವಾಗ ಮಾಡುವ ಮೊದಲ ಕೆಲಸ ಜಾನಿ ಎಂಬವನನ್ನು ತುಳಿದು ಕೊಲ್ಲುವುದು. ಈ ಜಾನಿ ೨೦೦೯ರ 'ದಿ ಲಾಸ್ಟ್ ಅಂಡ್ ಡ್ಯಾಮ್ಡ್' ಎಂಬ ಉಪಕಥೆಯ ನಾಯಕ, ಎಂದರೆ ಎಷ್ಟೋ ಆಟಗಾರರು ಒಂದು ಕಾಲಕ್ಕೆ ವಾಸಮಾಡಿದ್ದ ಮೈ. ಆ ಕೊಲೆ ಕೈಯಿಂದ ನಡೆಯುವುದಿಲ್ಲ, ಕಣ್ಣೆದುರು ನಡೆಯುತ್ತದೆ. ನಡೆದೊಡನೆ ಕೊಂದವನ ಮೈ ನಮ್ಮ ವಶಕ್ಕೆ ಬರುತ್ತದೆ. ಹಿಂದೆ ಇದ್ದ ಮನೆಯನ್ನು ಕೆಡಹಿದವನ ಮನೆಯಲ್ಲಿ ಇನ್ನು ಮೇಲೆ ಇರಬೇಕು. ಇದು ಕ್ರೂರವಾದ ಕಲ್ಪನೆ, ಆದರೆ ಕಲ್ಪನೆ.

ಮುಂದೆ ಬಂದ ಇತರ ಆಟಗಳಲ್ಲಿ ಈ ಕ್ರೌರ್ಯವೂ ಇಲ್ಲ, ಕಲ್ಪನೆಯೂ ಕಡಮೆ. ೧೮೬೮ರ ಲಂಡನ್ನಿನಲ್ಲಿ ನಡೆಯುವ 'ಅಸ್ಯಾಸಿನ್ಸ್ ಕ್ರೀಡ್ ಸಿಂಡಿಕೇಟ್' (೨೦೧೫) ಅವಳಿಗಳಾದ ಅಕ್ಕತಮ್ಮಂದಿರನ್ನು ಕೊಡುತ್ತದೆ. ಬದಲಾಯಿಸುವುದು ಅಂಗಿ ಬದಲಾಯಿಸಿದಷ್ಟೇ ಸುಲಭ, ಅಷ್ಟೇ ನಿರರ್ಥಕ. 'ವಾಚ್ ಡಾಗ್ಸ್: ಲೀಜನ್' (೨೦೨೦) ಬೀದಿಯಲ್ಲಿ ಕಂಡ ಯಾರನ್ನಾದರೂ ನಾಯಕರನ್ನಾಗಿ ಮಾಡಿಕೊಳ್ಳಬಹುದೆಂದು ಸಾರಿತು. ಎಲ್ಲರೂ ನಾಯಕರಾದಮೇಲೆ ನಾಯಕನ ಸ್ಥಾನವೇ ಬರಿದಾಯಿತು. ೨೦೨೩ರ 'ಸ್ಪೈಡರ್ ಮ್ಯಾನ್ ೨'ರಲ್ಲಿ ಪೀಟರನಿಂದ ಮೈಲ್ಸನಿಗೆ ಹೋಗುವ ವೇಗ ಆಶ್ಚರ್ಯಕರ. ಆದರೆ ಇಬ್ಬರೂ ಸಜ್ಜನರಾದ್ದರಿಂದ ಈ ಮನೆಯಿಂದ ಆ ಮನೆಗೆ ಹೋದವನಿಗೆ ದಾಟಬೇಕಾದ ಹೊಸಿಲು ಸಿಕ್ಕುವುದಿಲ್ಲ. ಮುಕ್ತಜಗತ್ತಿನದಲ್ಲದ 'ದಿ ಲಾಸ್ಟ್ ಆಫ್ ಅಸ್, ಭಾಗ ೨' (೨೦೨೦) ಒಂದೇ ಆಟಗಾರನ ಇಚ್ಛೆಯನ್ನು ಕೇಳದೆ, ಅವನು ದ್ವೇಷಿಸುವುದಕ್ಕೆ ಕಲಿತಿದ್ದವಳ ಮೈಯಲ್ಲಿ ಅವನನ್ನು ಗಂಟೆಗಟ್ಟಲೆ ಕೂಡಿಹಾಕಿತು. ಸ್ವಾತಂತ್ರ್ಯವಿದ್ದಲ್ಲಿ ಆ ಪರಿಣಾಮ ಅಸಾಧ್ಯವೇನೋ. ಈ ಪ್ರಶ್ನೆಯನ್ನು ಬೇರೆಯಾಗಿಯೇ ಚರ್ಚಿಸಬೇಕು.

ಫ್ರ್ಯಾಂಕ್ಲಿನನ ಮಾತು ಉಳಿದಿದೆ. ಮೂವರಲ್ಲಿ ಅವನೇ ದುರ್ಬಲವಾದ ಪಾತ್ರವೆಂದು ಸಾಮಾನ್ಯವಾಗಿ ಹೇಳುವುದುಂಟು, ಅದು ದಿಟ. ಅವನ ಕೇರಿ, ಅತ್ತೆ, ಗೆಳೆಯ ಲಮಾರ್ ಇವರೆಲ್ಲ ಅರ್ಧದಲ್ಲಿಯೇ ಹಿಂದೆ ಉಳಿದು, ಅವನು ಉಳಿದಿಬ್ಬರ ಹಳೆಯ ಜಗಳಕ್ಕೆ ಸಾಕ್ಷಿಯಾಗಿ ನಿಲ್ಲುತ್ತಾನೆ. ಆದರೂ ಕೊನೆಯ ನಿರ್ಣಯವನ್ನು ಅವನ ಕೈಗೇ ಕೊಟ್ಟಿದ್ದಾರೆ. ಹೇನ್ಸನು ಬಂದು ಟ್ರೆವರನನ್ನು ಕೊಲ್ಲೆನ್ನುತ್ತಾನೆ. ವೆಸ್ಟನ್ ಎಂಬ ಧನಿಕನು ಬಂದು ಮೈಕೇಲನನ್ನು ಕೊಲ್ಲೆನ್ನುತ್ತಾನೆ. ಮೂರನೆಯ ದಾರಿ ಇಬ್ಬರನ್ನೂ ಉಳಿಸಿ ಶತ್ರುಗಳನ್ನು ಎದುರಿಸುವುದು. ಮೂವರ ಮೈಯಲ್ಲಿಯೂ ಇದ್ದು ಬಂದ ಆಟಗಾರನು ಈಗ ಒಬ್ಬನ ಮೈಯಲ್ಲಿದ್ದುಕೊಂಡು ಉಳಿದಿಬ್ಬರ ಬೆಲೆ ಕಟ್ಟಬೇಕು. ಮೂರನೆಯ ದಾರಿಯಲ್ಲಿ ಒಂದು ವಿಶೇಷವಿದೆ. ಅದನ್ನು ಗಮನಿಸಿದವರು ಕಡಮೆ. ಶತ್ರುಗಳನ್ನು ಮುಗಿಸುವಾಗ ಮೂವರೂ ತಮ್ಮ ತಮ್ಮ ವೈರಿಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಫ್ರ್ಯಾಂಕ್ಲಿನನಿಗೆ ದ್ರೋಹ ಬಗೆದ ಸ್ಟ್ರೆಚ್ ಎಂಬವನನ್ನು ಮೈಕೇಲನು ಕೊಲ್ಲುತ್ತಾನೆ, ಮೈಕೇಲನನ್ನು ಪೀಡಿಸಿದ ಹೇನ್ಸನನ್ನು ಟ್ರೆವರನು, ಟ್ರೆವರನ ಹಗೆಯಾದ ವೇ ಚೆಂಗನನ್ನು ಫ್ರ್ಯಾಂಕ್ಲಿನನು. ಕಥೆಯಲ್ಲಿ ಇದಕ್ಕೆ ಕೊಡುವ ಕಾರಣ ಪತ್ತೆಯಾಗದಿರಲೆಂಬ ಉಪಾಯ. ಆದರೆ ಅಷ್ಟು ಹೊತ್ತು ಆಟಗಾರನೊಬ್ಬನೇ ಮಾಡುತ್ತಿದ್ದ ಕೆಲಸವನ್ನು, ಎಂದರೆ ಇನ್ನೊಬ್ಬನ ದ್ವೇಷವನ್ನು ತನ್ನ ಕೈಯಿಂದ ನಡೆಸುವುದನ್ನು, ಪಾತ್ರಗಳು ಈಗ ತಾವೇ ಕಲಿತು ಮಾಡುತ್ತಿವೆ.

ಬೇರೆ ದಾರಿಗಳನ್ನು ಹಿಡಿದವರಿಗೆ ಆಟವು ಯಾವ ದಂಡನೆಯನ್ನೂ ವಿಧಿಸುವುದಿಲ್ಲ. ನಗರ ಹಾಗೆಯೇ ಇರುತ್ತದೆ, ಹಣವೂ ಇರುತ್ತದೆ, ಎಲ್ಲಿಗೆ ಬೇಕಾದರೂ ಹೋಗಬಹುದು. ಗುಂಡಿಯನ್ನು ಒತ್ತಿ ಹಿಡಿದಾಗ ಮಾತ್ರ ಚಕ್ರದಲ್ಲಿ ಒಂದು ಮುಖವನ್ನು ಆರಿಸಲಾಗುವುದಿಲ್ಲ. ಇನ್ನೊಬ್ಬನ ಮೈಗೆ ಹೋಗಿ ನೋಡಿದರೆ ಅಲ್ಲಿಂದಲೂ ಆ ಸ್ಥಳ ಬರಿದಾಗಿಯೇ ಕಾಣುತ್ತದೆ.